ರಾಜನಿಲ್ಲದ ಕುದುರೆ ಚಿತ್ರದಲ್ಲಿ ನೋಡೋದೇನಿದೆ?

ನನ್ನ ಡ್ರಾಯಿಂಗ್ ಕ್ಲಾಸಿನ ಗೋಡೆ ಮೇಲೆ ಒಂದು ದೊಡ್ಡ ಪ್ರಿಂಟ್ ಇದೆ. ತುಂಬಾ ಕುದುರೆಗಳು, ಕಾಲಡಿಯಲ್ಲಿ ಧೂಳು, ಅವುಗಳನ್ನು ಹಿಡಿದು ನಿಲ್ಲಿಸಲು ಒದ್ದಾಡುತ್ತಿರುವ ಜನ. ಮಕ್ಕಳನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ಆಮೇಲೆ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಪ್ರಶ್ನೆ. "ಕುದುರೆ ಅಂದ್ರೆ ಮೇಲೊಬ್ಬ ರಾಜ ಇರಬೇಕಲ್ವಾ ಮೇಡಂ? ಈ ಸಂತೆ ಕುದುರೆಗಳಲ್ಲಿ ನೋಡೋದೇನಿದೆ?"

ಹೆಗಲು ನೋಡಿ ಅಂತೀನಿ. ಕುದುರೆಯ ಹೆಗಲು.

ರಾಜರ ಚಿತ್ರಗಳಲ್ಲಿ ನಮ್ಮ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಜಾಕ್ ಲೂಯಿ ದಾವಿದ್ 1801ರಲ್ಲಿ ಬರೆದ ನೆಪೋಲಿಯನ್ ಚಿತ್ರವನ್ನು ನೀವೆಲ್ಲಾದರೂ ನೋಡೇ ಇರ್ತೀರಿ. ಆಲ್ಪ್ಸ್ ಬೆಟ್ಟ, ಗಾಳಿಗೆ ಹಾರುವ ಹೊದಿಕೆ, ಹಿಂಗಾಲ ಮೇಲೆ ಎದ್ದು ನಿಂತ ಕುದುರೆ. ಆದರೆ 1800ರಲ್ಲಿ ನೆಪೋಲಿಯನ್ ಆ ಬೆಟ್ಟ ದಾಟಿದ್ದು ಹೇಸರಗತ್ತೆಯ ಮೇಲೆ. ಚಿತ್ರದ ಕುದುರೆಗೆ ಅಲ್ಲಿ ಬೇರೆ ಕೆಲಸವಿಲ್ಲ. ಸವಾರನನ್ನು ಎತ್ತಿ ತೋರಿಸುವ ಪೀಠ ಅದು. ಸುಮಾರು 50 ವರ್ಷದ ನಂತರ ಪಾಲ್ ದೆಲಾರೋಷ್ ಅದೇ ಪ್ರಸಂಗವನ್ನು ಮತ್ತೆ ಬರೆದ. ಈ ಸಲ ಹೇಸರಗತ್ತೆ ಬಂತು, ಅದನ್ನು ಹಿಡಿದು ನಡೆಸುವ ಹಳ್ಳಿಯವನೂ ಬಂದ. ಅಷ್ಟರಲ್ಲಿ ಚಿತ್ರಗಾರರ ಕಣ್ಣು ಸವಾರನನ್ನು ಬಿಟ್ಟು ಕೆಳಗಿಳಿದಿತ್ತು. ದುಡಿಯುವ ಪ್ರಾಣಿಯನ್ನು ನೋಡೋಕೆ ಶುರು ಮಾಡಿತ್ತು.

ನನ್ನ ಗೋಡೆಯ ಮೇಲಿರುವ ಚಿತ್ರ ರೋಸಾ ಬೊನ್ಹ್ಯೂರ್ ಬರೆದ 'ಕುದುರೆ ಸಂತೆ'. 1853ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಮೊದಲು ಕಂಡಿತು. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮೂಲ ಚಿತ್ರದ ಎತ್ತರ ಸುಮಾರು ಎಂಟು ಅಡಿ, ಅಗಲ ಹದಿನಾರೂವರೆ ಅಡಿ. ಇಷ್ಟು ದೊಡ್ಡ ಬಟ್ಟೆಯನ್ನು ಆಗ ಯುದ್ಧಕ್ಕೆ, ಪುರಾಣಕ್ಕೆ, ಪಟ್ಟಾಭಿಷೇಕಕ್ಕೆ ಮೀಸಲಿಡುತ್ತಿದ್ದರು. ಈ ಹೆಂಗಸು ಅದನ್ನು ಗಾಡಿ ಎಳೆಯುವ ಕುದುರೆಗಳಿಗೆ ಕೊಟ್ಟಳು. ನನಗೆ ಅವಳ ಮೇಲೆ ಇಷ್ಟು ಪ್ರೀತಿ ಇರುವುದು ಮುಖ್ಯವಾಗಿ ಇದಕ್ಕೇ.

ಸಂತೆ ಸೇರುತ್ತಿದ್ದದ್ದು ಪ್ಯಾರಿಸ್ಸಿನ ಒಂದು ಬೀದಿಯಲ್ಲಿ. ಹಿಂದೆ ದೂರದಲ್ಲಿ ಕಾಣುವ ಗುಮ್ಮಟ ಸಾಲ್ಪೆಟ್ರಿಯೆರ್ ಆಸ್ಪತ್ರೆಯದು. ಬೊನ್ಹ್ಯೂರ್ ಸುಮಾರು ಒಂದೂವರೆ ವರ್ಷ, ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಸ್ಕೆಚ್ ಮಾಡಿಕೊಂಡಳು. ದಲ್ಲಾಳಿಗಳ ನಡುವೆ ಹೆಂಗಸೊಬ್ಬಳು ಪುಸ್ತಕ ಹಿಡಿದು ನಿಂತರೆ ಕೆಲಸ ಮಾಡಲು ಬಿಡ್ತಾರಾ? ಅದಕ್ಕೆ ಗಂಡಸರ ಬಟ್ಟೆ ಹಾಕಿಕೊಂಡು ಹೋದಳು. ಆ ಕಾಲದಲ್ಲಿ ಪ್ಯಾರಿಸ್ಸಿನ ಹೆಂಗಸರು ಪ್ಯಾಂಟು ಹಾಕಬೇಕಾದರೆ ಪೊಲೀಸರ ಅನುಮತಿ ಚೀಟಿ ಬೇಕಿತ್ತು. ಅವಳು ಅದನ್ನೂ ಮಾಡಿಸಿಕೊಂಡಿದ್ದಳು. ಅದಕ್ಕೂ ಮೊದಲು ಪ್ರಾಣಿಗಳ ಮೈಕಟ್ಟು ಕಲಿಯಲು ಕಸಾಯಿಖಾನೆಗಳಿಗೆ ಹೋಗಿ ಕೂತವಳು. ಚರ್ಮದ ಕೆಳಗೆ ಏನಿದೆ ಅನ್ನೋದು ಗೊತ್ತಿದ್ದೇ ಬರೆದಿದ್ದಾಳೆ.

ಚಿತ್ರದಲ್ಲಿರುವ ಬೂದು ಬಣ್ಣದ, ಚುಕ್ಕೆ ಚುಕ್ಕೆ ಮೈಯ ದಪ್ಪ ಕುದುರೆಗಳು ಪರ್ಶೆರಾನ್ ತಳಿಯವು. ಪ್ಯಾರಿಸ್ಸಿಗೆ ಪಶ್ಚಿಮಕ್ಕಿರುವ ಪರ್ಶ್ ಸೀಮೆಯ ರೈತರು ಸಾಕಿದವು. ಪೇಟೆಗೆ ಬಂದ ಮೇಲೆ ಸರಕಿನ ಗಾಡಿ, ಜನ ತುಂಬಿದ ಬಸ್ಸು ಎಳೆಯುವ ಕೆಲಸ. ಅಂದರೆ ಈ ಪೇಟೆ ಚಿತ್ರದ ಒಳಗೆ ಒಂದು ಹಳ್ಳಿ ಇದೆ. ಅವುಗಳ ಹಿಂಭಾಗ ನೋಡಿ, ಎರಡು ಗುಡ್ಡ ಇಟ್ಟ ಹಾಗಿದೆ. ಭಾರ ಎಳೆಯುವಾಗ ಹಿಂಗಾಲು ನೆಲವನ್ನು ಒತ್ತುತ್ತದೆ, ಆ ಬಲ ಬೆನ್ನಿನ ಮೂಲಕ ಹೆಗಲಿಗೆ ಬರುತ್ತದೆ. ಬೊನ್ಹ್ಯೂರ್ ಆ ದಾರಿಯನ್ನೇ ಬರೆದಿದ್ದಾಳೆ. ಎಳೆಯೋದು ಅಂತೀವಿ, ಆದರೆ ಕುದುರೆ ನಿಜಕ್ಕೂ ಮಾಡುವುದು ಹೆಗಲಿನಿಂದ ಮುಂದಕ್ಕೆ ತಳ್ಳುವುದು.

ಇದು ನಮಗೆ ಥಟ್ಟನೆ ಹೊಳೆಯುವುದಿಲ್ಲ. ಯಾಕೆಂದರೆ ನಮ್ಮ ಮನಸ್ಸಿನಲ್ಲಿರುವುದು ಎತ್ತು. ನಮ್ಮ ಎತ್ತಿಗೆ ಡುಬ್ಬ ಇದೆ, ನೊಗ ಅದರ ಮುಂದೆ ಕೂರುತ್ತದೆ. ಕುದುರೆಗೆ ಡುಬ್ಬ ಇಲ್ಲ. ನೊಗ ಇಟ್ಟರೆ ನಿಲ್ಲುವುದಿಲ್ಲ. ಕೊರಳಿಗೆ ಬರೀ ಪಟ್ಟಿ ಕಟ್ಟಿ ಭಾರ ಹೊರಿಸಿದರೆ ಉಸಿರು ಕಟ್ಟುತ್ತದೆ. ಅದಕ್ಕೇ ಒಳಗೆ ಹುಲ್ಲು ತುಂಬಿದ, ಮೆತ್ತನೆಯ ದಪ್ಪ ಬಳೆಯಂಥದ್ದನ್ನು ಕೊರಳಿಗೆ ಹಾಕುತ್ತಾರೆ. ಭಾರ ಗಂಟಲಿನ ಮೇಲೆ ಬೀಳದೆ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ಯೂರೋಪಿನ ಹೊಲದ ಚಿತ್ರ ನೋಡುವಾಗ ನಾನು ಮೊದಲು ಹುಡುಕುವುದು ಆ ಬಳೆಯನ್ನು.

"ಹಾಗಾದ್ರೆ ಅಲ್ಲಿ ಎತ್ತು ಇರಲಿಲ್ವಾ?" ಅಂತಲೂ ಕೇಳುತ್ತಾರೆ. ಧಾರಾಳವಾಗಿ ಇತ್ತು. ಬೊನ್ಹ್ಯೂರಳೇ 1849ರಲ್ಲಿ ನಿವೆರ್ನೆ ಸೀಮೆಯ ಉಳುಮೆಯನ್ನು ಬರೆದಿದ್ದಾಳೆ. ಆರಾರು ಎತ್ತುಗಳ ಎರಡು ಸಾಲು, ಮುಂದೆ ಹೊರಳಿ ಬಿದ್ದ ಹಸಿ ಮಣ್ಣಿನ ಹೆಂಟೆಗಳು. ಅದು ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಂನಲ್ಲಿದೆ.

ಬೊನ್ಹ್ಯೂರಳಿಗಿಂತ ಒಂದು ತಲೆಮಾರು ಹಿಂದಿನವನು ತೆಯೊಡೋರ್ ಜೆರಿಕೋ. ಅವನಿಗೆ ಕುದುರೆ ಅಂದರೆ ಪ್ರಾಣ. ಕುದುರೆಯಿಂದ ಬಿದ್ದ ಪೆಟ್ಟುಗಳು ಉಲ್ಬಣಿಸಿ 1824ರಲ್ಲಿ, 32ನೇ ವಯಸ್ಸಿಗೇ ತೀರಿಕೊಂಡ. 1821ರಲ್ಲಿ ಅವನು ಬರೆದ ಎಪ್ಸಮ್ ರೇಸಿನ ಚಿತ್ರ ಬಹಳ ಪ್ರಸಿದ್ಧ. ಅದರಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಗಾಳಿಯಲ್ಲಿ ತೇಲುತ್ತವೆ. ಕುದುರೆ ಹಾಗೆ ಓಡುವುದಿಲ್ಲ. 1878ರಲ್ಲಿ ಮೈಬ್ರಿಜ್ ತೆಗೆದ ಫೋಟೊಗಳಲ್ಲಿ ಅದು ಗೊತ್ತಾಯಿತು: ನಾಲ್ಕೂ ಕಾಲು ನೆಲ ಬಿಡುವ ಹೊತ್ತಿಗೆ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಅದೇ ಜೆರಿಕೋ ಲಂಡನ್ನಿನಲ್ಲಿ ಕಲ್ಲಿದ್ದಲು ಗಾಡಿಯ ಕುದುರೆಗಳನ್ನು, ಲಾಳ ಹೊಡೆಯುವವರನ್ನು ಬರೆದಿದ್ದಾನೆ. ಅವುಗಳಲ್ಲಿ ನನಗೆ ತಪ್ಪು ಕಾಣಲ್ಲ. ಓಡುವ ಕಾಲು ಕಣ್ಣಿಗೆ ಸಿಗುವುದಿಲ್ಲ, ಆದರೆ ಭಾರ ಹೊತ್ತು ನಿಂತ ಕುದುರೆಯನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ನನಗೆ ಆ ರೇಸಿನ ಚಿತ್ರಕ್ಕಿಂತ ಈ ಗಾಡಿ ಕುದುರೆಗಳೇ ಜಾಸ್ತಿ ಇಷ್ಟ.

ಇಷ್ಟು ಹೇಳಿದ ಮೇಲೂ ಯಾರಿಗಾದರೂ ಪುರುಸೊತ್ತಿದ್ದರೆ ಇನ್ನೊಂದು ಚಿತ್ರ ತೋರಿಸುತ್ತೇನೆ. ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದ 'ಹುಲ್ಲಿನ ಗಾಡಿ'. ಇದು ಇಂಗ್ಲೆಂಡಿನದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸ್ಟೌರ್ ನದಿಯ ತೆಳು ನೀರಿನಲ್ಲಿ ಒಂದು ಗಾಡಿ ನಿಂತಿದೆ. ದಡದಲ್ಲಿ ಒಂದು ನಾಯಿ. ಕುದುರೆಗಳ ಕೊರಳಲ್ಲಿ ಅದೇ ಬಳೆ, ಅದರ ಮೇಲೆ ಕೆಂಪು ಅಲಂಕಾರ. ಇಡೀ ಹಸಿರು ಚಿತ್ರದಲ್ಲಿ ಕಣ್ಣು ಮೊದಲು ಹೋಗುವುದು ಆ ಕೆಂಪಿಗೆ. ಗಾಡಿ ಯಾಕೆ ನೀರಲ್ಲಿ ನಿಂತಿದೆ? ಬಿಸಿಲಿಗೆ ಮರದ ಚಕ್ರ ಒಣಗಿ ಕುಗ್ಗಿ, ಮೇಲಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ನೆನೆಸಿದರೆ ಮರ ಹಿಗ್ಗಿ ಮತ್ತೆ ಬಿಗಿಯಾಗುತ್ತದೆ. ಕೆಲವರು ಕೊಡುವ ವಿವರಣೆ ಇದು. ನಮ್ಮಲ್ಲಿ ಎತ್ತಿನ ಗಾಡಿ ಇದ್ದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರು ಹುಲ್ಲಿನ ಗಾಡಿ, ಆದರೆ ಗಾಡಿಯಲ್ಲಿ ಹುಲ್ಲಿಲ್ಲ. ಖಾಲಿ ಇದೆ. ಬಲಗಡೆ, ತುಂಬಾ ದೂರದಲ್ಲಿ, ಹೊಲದಲ್ಲಿ ಬೆರಳುಗುರಿನಷ್ಟು ಚಿಕ್ಕ ಜನ ಇನ್ನೊಂದು ಗಾಡಿಗೆ ಹುಲ್ಲು ಒಟ್ಟುತ್ತಿದ್ದಾರೆ. ಈ ಕುದುರೆಗಳು ನೀರು ದಾಟಿ ಅಲ್ಲಿಗೇ ಹೋಗಬೇಕು.