ಕೇಕ್ ಟೇಬಲ್ ಪಕ್ಕದಲ್ಲಿ ಹ್ಯಾಮ್ ರೇಡಿಯೋ

ಈ ಸಲ ರಾಜ್ಯೋತ್ಸವಕ್ಕೆ ನಮ್ಮ ಅಪಾರ್ಟ್‌ಮೆಂಟಿನವರು ಟೆರೇಸಿನ ಮೇಲೆ ಶಾಮಿಯಾನ ಹಾಕಿ ಹವ್ಯಾಸ ಮೇಳ ಮಾಡಿದರು. ಬಾವುಟ, ಮಕ್ಕಳ ಹಾಡು, ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಮುಗಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಟೇಬಲ್. ನನ್ನ ಎಡಗಡೆ ಬೋನ್ಸಾಯ್ ಬೆಳೆಸುವ ದಂಪತಿ. ಬಲಗಡೆ ಕೇಕ್ ಮಾಡುವ ಹುಡುಗಿ. ನಡುವೆ ನಾನು, ನನ್ನ ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ದೂರದವರ ಜೊತೆ ನೇರವಾಗಿ ಮಾತಾಡುವ ರೇಡಿಯೋ), ಒಂದು ಬ್ಯಾಟರಿ.

ಬೆಳಗಾಗುವ ಮುಂಚೆಯೇ ನಮ್ಮ ಬಿಲ್ಡಿಂಗಿನ ಎಲೆಕ್ಟ್ರಿಷಿಯನ್ ಜೊತೆ ಸೇರಿ ಆಂಟೆನಾ ಕಟ್ಟಿದ್ದೆ. ಆಂಟೆನಾ ಅಂದರೆ ದೊಡ್ಡದೇನಲ್ಲ, ನೀರಿನ ಟ್ಯಾಂಕಿನಿಂದ ಲಿಫ್ಟ್ ರೂಮಿನವರೆಗೆ ಎಳೆದ ತಂತಿ, ಅಷ್ಟೇ. ನಡುವಿಂದ ಆ ಕಡೆ 10 ಮೀಟರ್, ಈ ಕಡೆ 10 ಮೀಟರ್. ಆದರೂ ಅಸೋಸಿಯೇಷನ್ನಿನವರ ಒಪ್ಪಿಗೆ ಸಿಗೋದು ಸುಲಭ ಇರಲಿಲ್ಲ. ರೇಡಿಯೇಷನ್ ಬರುತ್ತಾ, ಟಿವಿ ಹಾಳಾಗುತ್ತಾ, ಸಿಡಿಲು ಬಡಿಯುತ್ತಾ ಅಂತ ಒಂದೊಂದಕ್ಕೂ ಉತ್ತರ ಕೊಟ್ಟು, ಕೊನೆಗೆ ಒಂದೇ ದಿನಕ್ಕೆ ಅನುಮತಿ ಅಂತಾಯಿತು. ಬೋನ್ಸಾಯ್ ಕುಂಡ ಇಡಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಅಲ್ವಾ?

ಮೇಳ ಶುರುವಾಯಿತು. ಜನ ಬಂದರು. ನನ್ನ ಟೇಬಲ್ಲಿಗೆ ಬಂದವರೆಲ್ಲ ಕೇಳಿದ್ದು ಹೆಚ್ಚು ಕಡಿಮೆ ಒಂದೇ ಪ್ರಶ್ನೆ. "ವಾಟ್ಸಾಪ್ ಕಾಲ್ ಇದೆಯಲ್ಲ ಸಾರ್, ಇದ್ಯಾಕೆ?"

ಹ್ಯಾಮ್ ರೇಡಿಯೋ ಮಂದಿಯೂ ಒಳಗೊಳಗೆ ಇದನ್ನೇ ನಂಬಿದ್ದಾರೆ. ಮೊಬೈಲ್ ಬಂತು, ನಮ್ಮ ಹವ್ಯಾಸ ಸತ್ತಿತು ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಮನೆಮನೆಯಲ್ಲಿ ಸ್ಕೂಟರ್ ಬಂದ ಮೇಲೇ ಬೆಂಗಳೂರಿನಲ್ಲಿ ಓಡುವವರು ಜಾಸ್ತಿ ಆದದ್ದು. ಬೀದಿಗೊಂದು ಬೇಕರಿ ಇರುವ ಊರಲ್ಲೇ 2020ರ ಲಾಕ್‌ಡೌನಿನಲ್ಲಿ ಎಲ್ಲರೂ ಕೇಕ್ ಮಾಡಲು ಕೂತದ್ದು. ಸುಲಭ ದಾರಿ ಇದೆ ಅನ್ನುವ ಕಾರಣಕ್ಕೆ ಹವ್ಯಾಸ ಸಾಯಲ್ಲ. ಬೇರೆ ಏನೋ ಇದೆ, ಅದು ಏನು ಅಂತ ಆ ದಿನ ಎರಡು ಟೇಬಲ್‌ಗಳ ನಡುವೆ ಕೂತು ನೋಡುತ್ತಾ ಹೋದಂತೆ ಸ್ವಲ್ಪ ಗೊತ್ತಾಯಿತು.

ಹನ್ನೊಂದು ಗಂಟೆ ಸುಮಾರಿಗೆ ರೇಡಿಯೋದಲ್ಲಿ ತ್ರಿಶ್ಶೂರ್ ಕಡೆಯ ಒಬ್ಬರು ಸಿಕ್ಕರು. ಹಗಲು ಹೊತ್ತು 40 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಅಲೆಯ ಉದ್ದ ಸುಮಾರು 40 ಮೀಟರ್ ಇರುವ ತರಂಗಗಳಲ್ಲಿ, ಕೆಲವು ನೂರು ಕಿಲೋಮೀಟರ್ ಆರಾಮಾಗಿ ಸಿಗುತ್ತದೆ, ರಾತ್ರಿಯಾದರೆ ಸಾವಿರಾರು. ಸಿಮ್ ಇಲ್ಲ, ಟವರ್ ಇಲ್ಲ, ನಡುವೆ ಆಕಾಶ ಬಿಟ್ಟರೆ ಏನೂ ಇಲ್ಲ, ನಾನು ಮಾತಾಡಿದ್ದು ಮೇಲಿನ ವಾತಾವರಣಕ್ಕೆ ಬಡಿದು ವಾಪಸ್ ಇಳಿದು ಕೇರಳದ ಯಾವುದೋ ಮನೆಯ ತಂತಿಗೆ ತಾಗಿ ಅವರ ಕಿವಿಗೆ ಬಿದ್ದಿದೆ ಅನ್ನೋದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಆದರೆ ಸುತ್ತ ನಿಂತವರಿಗೆ ಕೇಳಿಸಿದ್ದು ಏನು? ಕರ್ರ್ ಅನ್ನುವ ಸದ್ದು, ಲಿಫ್ಟ್ ಓಡಿದಾಗ ಇನ್ನಷ್ಟು ಕರ್ರ್, ನಡುವೆ ಮೂಗಿನಿಂದ ಬಂದ ಹಾಗೆ ಒಂದು ಧ್ವನಿ. ನಿಮ್ಮ ಸಿಗ್ನಲ್ ಫೈವ್ ನೈನ್ (ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ), ನನ್ನ ರೇಡಿಯೋ ಇಂಥದ್ದು, ಇಲ್ಲಿ ಮೋಡ ಇದೆ, ಸೆವೆಂಟಿ ತ್ರೀ (ಹ್ಯಾಮ್‌ಗಳ ಶುಭಾಶಯ), ನಮಸ್ಕಾರ. ಮುಗೀತು.

"ಇಷ್ಟೇನಾ ಮಾತಾಡೋದು?" ಅಂದರು ಒಬ್ಬರು. ಹೌದು, ಬಹಳ ಸಲ ಇಷ್ಟೇ. ವ್ಯಾಪಾರದ ಮಾತು ಆಡುವ ಹಾಗಿಲ್ಲ, ಹಾಡು ಹಾಕುವ ಹಾಗಿಲ್ಲ.

ಅಷ್ಟರಲ್ಲಿ ಮೂರನೇ ಕ್ಲಾಸಿನ ಒಬ್ಬಳು ಮೈಕಿಗೆ ಕೈ ಚಾಚಿದಳು. "ಅಂಕಲ್, ನಾನೂ ಹಲೋ ಹೇಳ್ತೀನಿ." ಕೊಡುವ ಹಾಗಿಲ್ಲ. ಮಾತಾಡಬೇಕಾದರೆ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು, ಪರೀಕ್ಷೆಗೆ 12 ವರ್ಷ ಆಗಿರಬೇಕು. ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳ ಮೇಲೆ ಪ್ರಶ್ನೆ ಇರುತ್ತದೆ. ಮೇಲಿನ ದರ್ಜೆ ಬೇಕು ಅಂದರೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್, ಅಂದರೆ ಚುಕ್ಕೆ-ಗೆರೆಗಳ ಸಂಕೇತ ಭಾಷೆ ಕೂಡ. ಇದನ್ನೆಲ್ಲ ಅವಳಿಗೆ ಹೇಳಲು ಶುರು ಮಾಡಿದ್ದೆ, ಅಷ್ಟರಲ್ಲಿ ಪಕ್ಕದ ಹುಡುಗಿ ಅವಳ ಕೈಗೆ ಕ್ರೀಮ್ ತುಂಬಿದ ಕೋನ್ ಕೊಟ್ಟು "ಬಾ, ಒಂದು ಹೂವು ಬಿಡಿಸು" ಅಂದಳು. ಅಲ್ಲಿಗೆ ನನ್ನ ಟೇಬಲ್ ಕಥೆ ಮುಗಿಯಿತು. ಹೂವು ಸೊಟ್ಟಗೆ ಬಂತು, ಫೋಟೋ ತೆಗೆದರು, ಅವಳ ಅಮ್ಮ ಅಲ್ಲೇ ನಿಂತು ಓವನ್ ಬೆಲೆ ವಿಚಾರಿಸಿದರು.

ಹವ್ಯಾಸ ಹರಡೋದು ಹೀಗೇ ಅನ್ನಿಸುತ್ತದೆ. ಸುಮ್ನೆ ಹಾದುಹೋಗುವವರ ಕೈಗೆ ಐದು ನಿಮಿಷ ಸಿಗಬೇಕು, ಕೆಟ್ಟದಾಗಿ ಮಾಡಲು ಬಿಡಬೇಕು. ಕಷ್ಟದ ಹವ್ಯಾಸ ಅಂತ ಜನ ಹಿಂದೆ ಸರಿಯಲ್ಲ. ಬೋನ್ಸಾಯ್ ರೇಡಿಯೋಗಿಂತ ಕಷ್ಟ, ವರ್ಷಗಟ್ಟಲೆ ಕಾಯಬೇಕು. ಆದರೆ ಅಂಗೈ ಅಗಲದ ಕುಂಡದಲ್ಲಿ ಆಲದ ಮರ ನಿಂತಿದ್ದರೆ ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ನನ್ನ ಸಂತೋಷ ಮಾತ್ರ ಹೊರಗಿಂದ ಕಾಣಲ್ಲ, ಹೆಡ್‌ಫೋನ್ ಹಾಕಿಕೊಂಡು ಗೋಡೆ ನೋಡುತ್ತಾ ಕೂತವನ ಹಾಗೆ ಕಾಣುತ್ತೇನೆ.

ಬಾಗಿಲು ಅಗಲ ಮಾಡಿದರೆ ಜನ ಬರುತ್ತಾರೆ ಅನ್ನೋದಕ್ಕೆ ಜಪಾನ್ ಇದೆ. ಅಲ್ಲಿ ಕೆಳಗಿನ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಬೇಕಿರಲಿಲ್ಲ, ಪರೀಕ್ಷೆಯೂ ಸುಲಭ. 1990ರ ದಶಕದ ನಡುವೆ ಆ ಪುಟ್ಟ ದೇಶದಲ್ಲಿ 13 ಲಕ್ಷಕ್ಕೂ ಹೆಚ್ಚು ಹ್ಯಾಮ್ ಸ್ಟೇಷನ್‌ಗಳಿದ್ದವು. ಆಮೇಲೆ ಬಹಳ ಇಳಿಯಿತು, ಅದು ನಿಜ. ಅಮೆರಿಕದವರು 2007ರಲ್ಲಿ ಎಲ್ಲ ದರ್ಜೆಗೂ ಮೋರ್ಸ್ ಪರೀಕ್ಷೆ ಕೈಬಿಟ್ಟರು.

ಮಧ್ಯಾಹ್ನ ಒಬ್ಬ ಹಿರಿಯರು ಬಂದು ಇದರಿಂದ ಉಪಯೋಗ ಏನಪ್ಪಾ ಅಂದರು. ನಾವು ಹ್ಯಾಮ್‌ಗಳು ಎಲ್ಲ ಕಡೆ ಹೇಳುವ ಕಥೆಯನ್ನೇ ನಾನೂ ಹೇಳಿದೆ. 2004ರ ಡಿಸೆಂಬರ್. ದೆಹಲಿಯ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಬಂತು, ಫೋನ್ ಸತ್ತವು, ಯಾರು ಬದುಕಿದ್ದಾರೆ ಅನ್ನುವ ಸುದ್ದಿ ಇವರ ರೇಡಿಯೋ ಮೂಲಕ ಹೊರಗೆ ಹೋಯಿತು. ಆ ಹಿರಿಯರು ಗಮನ ಕೊಟ್ಟು ಕೇಳಿದರು. ಆಮೇಲೆ, "ಒಳ್ಳೆ ಕೆಲಸ. ಆದರೆ ಅದು ಸೇವೆ ಆಯ್ತು. ಸುನಾಮಿ ಇಲ್ಲದ ದಿನ ನೀವು ಏನು ಮಾಡ್ತೀರ?" ಅಂದರು.

ಸರಿಯಾದ ಪ್ರಶ್ನೆ. ಉಪಯೋಗಕ್ಕೆ ಅಂತ ಯಾರೂ ಬೋನ್ಸಾಯ್ ಬೆಳೆಸಲ್ಲ. ನಾವು ಮಾತ್ರ ನಮ್ಮ ಖುಷಿಗೆ ವಿಪತ್ತು ನಿರ್ವಹಣೆಯ ಬೋರ್ಡ್ ಹಾಕಿ ಜನರನ್ನು ಕರೆಯುತ್ತೇವೆ.

ಇನ್ನೊಂದು ಮಾತು. ಎಲ್ಲರೂ ಬಂದುಬಿಟ್ಟರೆ ಏನು ಗತಿ? ಭಾರತದಲ್ಲಿ ಈ 40 ಮೀಟರ್ ಬ್ಯಾಂಡ್ 7.000ರಿಂದ 7.200 ಮೆಗಾಹರ್ಟ್ಜ್‌ವರೆಗೆ, ಒಟ್ಟು 200 ಕಿಲೋಹರ್ಟ್ಜ್. ಒಂದು ಮಾತುಕತೆಗೆ ಸುಮಾರು 3 ಕಿಲೋಹರ್ಟ್ಜ್ ಬೇಕು. ಒಂದರ ಮೇಲೊಂದು ಬೀಳದ ಹಾಗೆ 60ಕ್ಕಿಂತ ಸ್ವಲ್ಪ ಜಾಸ್ತಿ ಮಾತುಕತೆ, ಅಷ್ಟೇ ಜಾಗ. ಬೇರೆ ಬ್ಯಾಂಡ್‌ಗಳು ಇವೆ, ಆದರೂ ಬೆಂಗಳೂರಿನ ಅರ್ಧ ಊರು ಮೈಕ್ ಹಿಡಿದರೆ ಸಿಲ್ಕ್ ಬೋರ್ಡ್ ಆಗುತ್ತದೆ. ಹಾಗಾಗಿ ಜನ ಬರಲಿ ಅಂತ ನಾನು ಬಯಸೋದು ಎಷ್ಟು ನಿಜ ಅಂತ ನನಗೇ ಅನುಮಾನ.

ಸಂಜೆ ತಂತಿ ಬಿಚ್ಚಲು ಎಲೆಕ್ಟ್ರಿಷಿಯನ್ ಬಂದ. ದಿನವಿಡೀ ಯಾರೂ ಕೇಳದ್ದನ್ನು ಕೇಳಿದ: "10 ಮೀಟರೇ ಯಾಕೆ ಸಾರ್? 12 ಹಾಕಿದ್ರೆ ಇನ್ನೂ ದೂರ ಹೋಗಲ್ವಾ?" ಹೋಗಲ್ಲ, ಯಾಕೆ ಅಂತ ರಟ್ಟಿನ ಪೆಟ್ಟಿಗೆಯ ಮೇಲೆ ಬರೆದು ತೋರಿಸುತ್ತಾ ಕತ್ತಲಾಯಿತು. ಈಗ ಅವನಿಗೆ ಪರೀಕ್ಷೆಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಓಮನ ನಿಯಮ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಕೆಪಾಸಿಟರ್ ಪಾಠದ ಹತ್ತಿರ ನಿಂತಿದ್ದೇವೆ.