ಮೆಣಸಿನೆಣ್ಣೆ ಕೊಟ್ಟೆ, ಒಂದು ಮಾತೂ ಕೇಳಲಿಲ್ಲ

ಶಿವಮೊಗ್ಗದ ಒಂದು ಮೆಡಿಕಲ್ ಶಾಪ್‌ನಲ್ಲಿ ನಾನು ಫಾರ್ಮಸಿಸ್ಟ್. ಹೋದ ಮಳೆಗಾಲದಲ್ಲಿ ಎದುರಿನ ಸ್ಟ್ಯಾಂಡಿನ ಆಟೋ ಅಣ್ಣ ಒಬ್ಬರು ಮೊಬೈಲ್‌ನಲ್ಲಿ ಒಂದು ವಿಡಿಯೊ ತೋರಿಸಿಕೊಂಡು ಬಂದರು. "ಮೇಡಂ, ಕಾಳುಮೆಣಸಿನ ಎಣ್ಣೆ ಮೂಸಿದ್ರೆ ಸಿಗರೇಟು ಬಿಟ್ಟೋಗುತ್ತಂತೆ. ಇದೆಯಾ?" ಗಲ್ಲಾ ಪಕ್ಕದಲ್ಲೇ ಇತ್ತು, 10 ಎಂಎಲ್ ಬಾಟಲಿ. ಸಂಜೆಯ ರಶ್ಶು ಬೇರೆ. ಕೊಟ್ಟೆ, ಚಿಲ್ಲರೆ ಎಣಿಸಿದೆ, ಮುಂದಿನವರ ಚೀಟಿ ತಗೊಂಡೆ.

ಮೂರನೇ ದಿನ ವಾಪಸ್ ಬಂದರು. ಮೂಗಿನ ಕೆಳಗೆ ಕೆಂಪಗೆ ಊದಿಕೊಂಡಿತ್ತು. ನೆಗಡಿಗೆ ಮುಲಾಮು ಹಚ್ಚೋ ಹಾಗೆ ಎಣ್ಣೆಯನ್ನು ನೇರವಾಗಿ ಸವರಿಕೊಂಡಿದ್ದರು. "ಸಿಗರೇಟು ಬಿಡ್ಸೋಕೆ ಕೇಳಿದ್ದು ಮೇಡಂ, ಮೂತಿ ಸುಡೋಕಲ್ಲ." ಸಿಗರೇಟೂ ಬಿಟ್ಟಿರಲಿಲ್ಲ.

ತಪ್ಪು ನಂದೇ. ಇಂಥ ಎಣ್ಣೆ ಚರ್ಮಕ್ಕೆ ನೇರವಾಗಿ ಹಚ್ಚಬಾರದು, ಕುಡಿಯಲೇಬಾರದು ಅಂತ ಹೇಳೋಕೆ ಅರ್ಧ ನಿಮಿಷ ಸಾಕಿತ್ತು. ಮಕ್ಕಳಿರೋ ಮನೆಯಲ್ಲಂತೂ ಹೇಳಲೇಬೇಕು. ಉದಾಹರಣೆಗೆ, ನೀಲಗಿರಿ ಎಣ್ಣೆ ಸ್ವಲ್ಪ ಹೊಟ್ಟೆಗೆ ಹೋದರೂ ಮಕ್ಕಳಿಗೆ ಫಿಟ್ಸ್ ಬರಬಹುದು.

ವಿಡಿಯೊದಲ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. 1994ರಲ್ಲಿ ಅಮೆರಿಕದ ಸಂಶೋಧಕ ಜೆಡ್ ರೋಸ್ ಮತ್ತು ಜೊತೆಯವರು 48 ಜನ ಸಿಗರೇಟು ಸೇದುವವರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ರಾತ್ರಿಯಿಂದ ಸೇದದೆ ಬಂದವರಲ್ಲಿ ಕೆಲವರಿಗೆ ಮೆಣಸಿನ ಆವಿ, ಕೆಲವರಿಗೆ ಪುದೀನದ್ದು, ಕೆಲವರಿಗೆ ಬರೀ ಖಾಲಿ ಕೊಳವೆ. ಮೆಣಸು ಎಳೆದವರಿಗೆ ಚಪಲ ಕಡಿಮೆಯಾಗಿತ್ತು. ಹೊಗೆ ಎಳೆದಾಗ ಗಂಟಲು, ಎದೆ ಚುರುಗುಟ್ಟುತ್ತಲ್ಲ, ಮನಸ್ಸು ಹುಡುಕೋದು ಅದನ್ನೂ ಹೌದು. ಆದರೆ ಆ ಪರೀಕ್ಷೆ ನಡೆದದ್ದು ಮೂರೇ ಗಂಟೆ. ತಮಾಷೆ ಏನಂದ್ರೆ, ಸಿಗರೇಟು ಬಿಡೋಕೆ ಚರ್ಮಕ್ಕೆ ಅಂಟಿಸಿಕೊಳ್ಳೋ ನಿಕೋಟಿನ್ ಪ್ಯಾಚ್ ಕಂಡುಹಿಡಿದವರಲ್ಲಿ ಇದೇ ರೋಸ್ ಕೂಡ ಒಬ್ಬರು.

ಈ ಸಲ ಕೇಳಿದೆ: "ಅಣ್ಣ, ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೇದು?"

"ಮುಖ ತೊಳೆಯೋಕೂ ಮುಂಚೆ."

ಎದ್ದ ಅರ್ಧ ಗಂಟೆಯೊಳಗೆ ಸೇದುವವರ ಮೈಗೆ ನಿಕೋಟಿನ್ ಗಟ್ಟಿಯಾಗಿ ಹತ್ತಿಕೊಂಡಿರುತ್ತೆ. ಎಣ್ಣೆಯಲ್ಲಿ ನಿಕೋಟಿನ್ ಇಲ್ಲ. ಇಂಥವರಿಗೆ ಸಾಮಾನ್ಯವಾಗಿ 4 ಎಂಜಿ ನಿಕೋಟಿನ್ ಗಮ್ ಬೇಕಾಗುತ್ತೆ. ಚೀಟಿ ಇಲ್ಲದೆ ನಾವು ಕೊಡೋದು 2 ಎಂಜಿ. ಹೇಗೂ ಮೂತಿ ತೋರಿಸಬೇಕಿತ್ತಲ್ಲ, ಎರಡಕ್ಕೂ ಸೇರಿ ಡಾಕ್ಟರ ಹತ್ತಿರ ಕಳಿಸಿದೆ.

ಗಮ್ ತಗೊಂಡವರು ಮಾರನೇ ದಿನ ಬಿಕ್ಕಳಿಸುತ್ತಾ ಬಂದರು. ಬಬಲ್ ಗಮ್ ಥರ ಸುಮ್ನೆ ಅಗಿದಿದ್ದರು! ನಿಧಾನಕ್ಕೆ ಅಗಿಯಬೇಕು, ಬಾಯಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆಯೊಳಗೆ ಒತ್ತರಿಸಬೇಕು, ಚುರುಕು ಹೋದಮೇಲೆ ಮತ್ತೆ ಅಗಿಯಬೇಕು. 15 ನಿಮಿಷ ಮುಂಚೆಯಿಂದ ಟೀ, ಕಾಫಿ ಬಂದ್. ಅವರಿಗೆ ಕಷ್ಟವಾಗಿದ್ದು ಟೀ. ಸ್ಟ್ಯಾಂಡಿನಲ್ಲಿ ಟೀ ಲೋಟ ಕೈಗೆ ಬಂದರೆ ಇನ್ನೊಂದು ಕೈ ಸಿಗರೇಟು ಹುಡುಕುತ್ತೆ.

ಎಣ್ಣೆಗೆ ಕೆಲಸ ಸಿಕ್ಕಿದ್ದು ಅಲ್ಲೇ. ಖಾಲಿ ಮಾತ್ರೆ ಡಬ್ಬಿಯಲ್ಲಿ ಹತ್ತಿ, ಅದಕ್ಕೆ ಎರಡು ಹನಿ, ಮುಚ್ಚಳ ಬಿಗಿ. ಮೀಟರ್ ಪಕ್ಕ ಇಟ್ಟುಕೊಂಡರು. ಚಪಲ ಜೋರಾಗಿರೋದು ಐದು ನಿಮಿಷ ಅಷ್ಟೇ. ಅಷ್ಟು ಹೊತ್ತು ಡಬ್ಬಿ ತೆಗೆದು ದೂರದಿಂದ ಮೂಸೋದು. ಮೂಗು, ಕೈ ಎರಡಕ್ಕೂ ಕೆಲಸ ಆಯ್ತು ಅಲ್ವಾ.

ತಂಬಾಕು ಬಿಡೋಕೆ ಫೋನಿನಲ್ಲೇ ಸಹಾಯ ಮಾಡೋ ಕ್ವಿಟ್‌ಲೈನ್ ನಂಬರ್ 1800-11-2356 ಕೂಡ ಬರೆದುಕೊಟ್ಟೆ, ದುಡ್ಡಿಲ್ಲದ ಕರೆ. ಸಿಗರೇಟು ಪ್ಯಾಕಿನ ಮೇಲೇ ಇರುತ್ತೆ ಅಂದರೆ ನಕ್ಕರು. "ಒಂದೊಂದೇ ಕೊಳ್ಳೋನು ಪ್ಯಾಕ್ ಎಲ್ಲಿ ನೋಡ್ತೀನಿ ಮೇಡಂ?" ಇಷ್ಟು ವರ್ಷದ ನನ್ನ ಸರ್ವಿಸ್‌ನಲ್ಲಿ ಇದು ತಲೆಗೇ ಹೊಳೆದಿರಲಿಲ್ಲ.

ನಡುವೆ ಒಂದು ಮದುವೆ ಮನೆಯಲ್ಲಿ ಮತ್ತೆ ಸೇದಿದರು. ತಾವೇ ಬಂದು ಹೇಳಿದರು, ಹೊಸ ಸ್ಟ್ರಿಪ್ ತಗೊಂಡು ಹೋದರು.

ಆ ಬಾಟಲಿಗಳನ್ನು ಗಲ್ಲಾ ಪಕ್ಕದಿಂದ ತೆಗೆದು ಹಿಂದಿನ ಶೆಲ್ಫಿಗೆ ಹಾಕಿದ್ದೇನೆ. ಯಾರಾದರೂ ಕೇಳಿದರೆ ಅಲ್ಲಿಗೆ ನಡೆದು ಹೋಗಬೇಕು. ಹೋಗುತ್ತಾ ಕೇಳುತ್ತೇನೆ, ಬೆಳಿಗ್ಗೆ ಎಷ್ಟು ಹೊತ್ತಿಗೆ ಮೊದಲನೇದು ಅಂತ.