ಎರೆ ಹೊಲದ ಚಳಿಗಾಲದಲ್ಲಿ ಇಲಿ ಬೋನಿಗೆ ಹಾಸು

ಎಳ್ಳ ಅಮಾವಾಸ್ಯೆಯ ದಿನ ಭೂಮಿತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲಿ ಬಂದು ಮನೆಯವರೆಲ್ಲ ಬೇವಿನ ಗಿಡದ ನೆರಳಿನಲ್ಲಿ ಬುತ್ತಿಗಂಟು ಬಿಚ್ಚುತ್ತಿದ್ದಾಗ, ನಾನು ಪಡುವಣ ಬದುವಿನ ಗುಂಟ ನಡೆಯುತ್ತ ಇಲಿಯ ಬಿಲಗಳನ್ನು ಎಣಿಸುತ್ತಿದ್ದೆ. ಈ ಸಲ ಮಳೆ ಬಿಡದೆ ಹಿಡಿದದ್ದರಿಂದ ಬಿತ್ತನೆ ತಡವಾಗಿ, ಬಿಳಿಜೋಳ ಇನ್ನೂ ಹೊಡೆಯಲ್ಲಿತ್ತು, ತೆನೆ ಎಲೆಯ ಒಳಗೇ ಇತ್ತು. ಬದುವಿನಿಂದ ನಾಲ್ಕನೆಯ ಸಾಲಿನಲ್ಲಿ ಆರೇಳು ದಂಟುಗಳು ನೆಲದಿಂದ ಗೇಣುದ್ದ ಮೇಲೆ ಕುಡುಗೋಲಿನಿಂದ ಕೊಯ್ದಂತೆ ಓರೆಯಾಗಿ ಕತ್ತರಿಸಿ ಬಿದ್ದಿದ್ದವು. ಕತ್ತರಿಸಿದ ಮುಖ ಇನ್ನೂ ಹಸಿಯಾಗಿತ್ತು. ತೆನೆ ಹೊರಡುವ ಮುನ್ನ ಇಲಿಯ ಕೆಲಸವನ್ನು ಹೀಗೆ ಕಂಡ ರೈತನ ಕೈಯಲ್ಲಿ ಉಳಿದಿರುವುದು ಹೆಚ್ಚೆಂದರೆ ಎರಡು ವಾರ. ಕಾಳು ಹಾಲು ತುಂಬತೊಡಗಿದ ಮೇಲೆ, ತಲೆಯ ಮೇಲೆಯೇ ಊಟ ತೂಗುತ್ತಿರುವಾಗ, ಯಾವ ಇಲಿಯೂ ಬೋನಿನೊಳಗಿನ ರೊಟ್ಟಿಯ ಚೂರಿಗೆ ಬಾಯಿ ಹಾಕುವುದಿಲ್ಲ.

ಕಲಬುರಗಿ ಜಿಲ್ಲೆಯ ನಮ್ಮ ಹೊಲ ಅಪ್ಪಟ ಎರೆ ಹೊಲ. ಈ ಕಪ್ಪು ಮಣ್ಣು ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಕಲ್ಲು ಸವೆದು ಉಂಟಾದದ್ದು. ಆ ಕಲ್ಲಿನ ಪದರಗಳಿಗೆ ಭೂವಿಜ್ಞಾನಿಗಳು ದಖ್ಖನ್ ಟ್ರ್ಯಾಪ್ ಎನ್ನುತ್ತಾರೆ. ಅಲ್ಲಿನ ಟ್ರ್ಯಾಪ್ ಎಂಬ ಮಾತಿಗೂ ಬೋನಿಗೂ ಸಂಬಂಧವಿಲ್ಲ. ಅದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಎರೆ ಮಣ್ಣಿನ ಜಿಗುಟು ಕಣಗಳು ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಹಿಂಗಾರಿ ಜೋಳ ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯುವುದರಿಂದ, ಬೇರು ತೇವವನ್ನು ಹೀರುತ್ತ ಹೋದಂತೆಲ್ಲ ನೆಲ ಸೀಳುತ್ತದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳಿರುತ್ತವೆ, ಅವುಗಳ ಆಳ ಮೊಣಕಾಲು ದಾಟುತ್ತದೆ. ಇಲಿಗೆ ತೋಡುವ ಶ್ರಮವಿಲ್ಲದೆ ಸಿಕ್ಕ ಮನೆ ಅದು. ಆದ್ದರಿಂದಲೇ ಹಿರಿಯರು ಸಾಲಿನ ನಡುವೆ ಎಡೆಕುಂಟೆ ಹೊಡೆದು ಪುಡಿಮಣ್ಣಿನಿಂದ ಬಿರುಕು ಮುಚ್ಚುತ್ತಿದ್ದರು. ತೇವ ಉಳಿಯಲೆಂದು ಮಾಡುತ್ತಿದ್ದ ಆ ಕೆಲಸ ಇಲಿಯ ಹಾದಿಯನ್ನೂ ಕಡಿಯುತ್ತಿತ್ತು. ಆಳು ಸಿಗದ ಈ ವರ್ಷಗಳಲ್ಲಿ ಎಡೆ ಹೊಡೆಯುವುದನ್ನು ಒಂದು ಸಲಕ್ಕೆ ಇಳಿಸಿದ ಮೇಲೆ ನಮ್ಮ ಹೊಲದಲ್ಲಿ ಇಲಿ ಹೆಚ್ಚಿದ್ದನ್ನು ನಾನೇ ಕಂಡಿದ್ದೇನೆ.

ಬೋನು ಹಾಕಲು ತೊಡಗಿದ ಮೊದಲ ಎರಡು ಚಳಿಗಾಲ ನನಗೆ ಕೈಗೆ ಬಂದದ್ದು ಬಹಳ ಕಡಿಮೆ. ಮರದ ಹಲಗೆಯ ಮೇಲೆ ಸ್ಪ್ರಿಂಗ್ ಕೂಡಿಸಿದ ಬೋನನ್ನು ಇಲಿಯ ಹಾದಿಯಲ್ಲಿ ತುಸು ಅಗೆದು ಕೂಡಿಸಿ, ಅದೇ ಮಣ್ಣನ್ನು ತೆಳುವಾಗಿ ಉದುರಿಸಿ ಬರುತ್ತಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ, ಇಲಿ ತುಳಿದೊಡನೆ ಕೆಳಗಿಳಿದು ಬೋನನ್ನು ಬೀಳಿಸಬೇಕಾದ ಬಿಲ್ಲೆಯ ಮೇಲೆ ಇಲಿಯ ಹೆಜ್ಜೆ ಮೂಡಿರುತ್ತಿತ್ತು, ಬೋನು ಮಾತ್ರ ಹಾಕಿದಂತೆಯೇ ಇರುತ್ತಿತ್ತು. ಸ್ಪ್ರಿಂಗ್ ಸಡಿಲವೆಂದು ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡು ಬೇರೆ ಬೋನು ತಂದೆ. ಅದೂ ಹಾಗೆಯೇ ಆಯಿತು. ಕಾರಣ ತಿಳಿದದ್ದು ಒಂದು ಮುಂಜಾನೆ ಬೋನನ್ನು ಕೈಯಲ್ಲಿ ಎತ್ತಿ ತಿರುಗಿಸಿ ನೋಡಿದಾಗ. ರಾತ್ರಿಯ ಇಬ್ಬನಿಗೆ ನೆನೆದ ಎರೆ ಮಣ್ಣು ಬಿಲ್ಲೆಯ ಕೆಳಗೆ ಉಬ್ಬಿ, ಅಂಟಿನಂತೆ ಹಿಡಿದು, ಅದು ಕೆಳಗಿಳಿಯಬೇಕಾದ ಜಾಗವನ್ನೇ ತುಂಬಿಬಿಟ್ಟಿತ್ತು. ನಾನು ಹೆಬ್ಬೆರಳಿನಿಂದ ಒತ್ತಿದರೂ ಬಿಲ್ಲೆ ಅಲುಗಲಿಲ್ಲ. ಹಿಂದಿನ ದಿನ ಬಿಸಿಲಿಗೆ ಒಣಗಿದ ಅಂಚಿನ ಮಣ್ಣು ಹಂಚಿನ ಚೂರಿನಂತೆ ಗಟ್ಟಿಯಾಗಿ ಸ್ಪ್ರಿಂಗಿನ ಕಡ್ಡಿಯನ್ನು ಕಚ್ಚಿಕೊಂಡಿತ್ತು.

ನೆಲ ಹೆಪ್ಪುಗಟ್ಟುವ ಸೀಮೆಗಳಲ್ಲಿ ಬೋನು ಹಾಕುವವರ ಕಷ್ಟವೂ ಇದೇ ಎಂಬುದು ಆಮೇಲೆ ಓದಿ ತಿಳಿಯಿತು. ಕೆನಡಾದಲ್ಲಿ, ಅಮೆರಿಕದ ಉತ್ತರ ಭಾಗದಲ್ಲಿ ನರಿಯನ್ನೂ ತೋಳದ ಜಾತಿಯ ಕೊಯೋಟಿಯನ್ನೂ ಹಿಡಿಯುವವರು ಬೋನನ್ನು ನೆಲದಲ್ಲಿ ಹುದುಗಿಸುತ್ತಾರೆ. ಹಗಲಲ್ಲಿ ಕರಗಿದ ಹಿಮ ಮಣ್ಣಿಗಿಳಿದು, ರಾತ್ರಿ 0 ಡಿಗ್ರಿಗಿಂತ ಕೆಳಗೆ ಹೋದಾಗ ಗಟ್ಟಿಯಾಗುತ್ತದೆ. ಆಗ ಬಿಲ್ಲೆ ಕಲ್ಲಿನೊಳಗೆ ಸಿಕ್ಕಂತೆ, ಪ್ರಾಣಿ ಅದರ ಮೇಲೆ ನಿಂತು ಹೋದರೂ ಬೋನು ಬೀಳುವುದಿಲ್ಲ. ಅಲ್ಲಿಯವರು ಚಳಿ ಹಿಡಿಯುವ ಮುನ್ನವೇ ಒಣ ಮಣ್ಣನ್ನು ಡಬ್ಬಿಗಳಲ್ಲಿ ತುಂಬಿ ಸೂರಿನಡಿ ಇಡುತ್ತಾರೆ. ಧಾನ್ಯದ ಹೊಟ್ಟನ್ನೋ ಒಣಗಿದ ಜೌಗುಪಾಚಿಯನ್ನೋ ಬೋನಿನ ಕೆಳಗೂ ಮೇಲೂ ಹಾಸುತ್ತಾರೆ. ಕೆಲವರು ಮಣ್ಣಿಗೆ ಉಪ್ಪು ಬೆರೆಸುತ್ತಾರೆ, ಆದರೆ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಮೇಣ ಸವರಿದ ಮಣ್ಣು. ಕಣ ಕಣಕ್ಕೂ ಮೇಣ ಹತ್ತಿದ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಆದ್ದರಿಂದ ಅದು ಗಡ್ಡೆ ಕಟ್ಟುವುದೂ ಇಲ್ಲ.

ಉಪ್ಪನ್ನು ನಾನು ಪ್ರಯತ್ನಿಸಿ ಕೈಬಿಟ್ಟೆ. ಹೆಪ್ಪುಗಟ್ಟದ ನಮ್ಮ ನೆಲದಲ್ಲಿ ಅದರ ಅಗತ್ಯವೂ ಇಲ್ಲ, ಮೇಲಾಗಿ ಅದು ತೇವವನ್ನು ತನ್ನ ಕಡೆಗೆ ಎಳೆಯುತ್ತದೆ. ಮೇಣ ಕೆಲಸ ಮಾಡಿತು. ಏಪ್ರಿಲ್ ತಿಂಗಳಲ್ಲಿ, ಬಿಸಿಲು 42 ಡಿಗ್ರಿ ಮುಟ್ಟಿದ ದಿನಗಳಲ್ಲಿ, ಕಪ್ಪು ತಾಡಪಾಲಿನ ಮೇಲೆ ಹಳ್ಳದ ಒಣ ಮರಳನ್ನು ತೆಳುವಾಗಿ ಹರಡಿ, ಮೇಣದಬತ್ತಿಯನ್ನು ತುರಿಮಣೆಯಲ್ಲಿ ತುರಿದು ಉದುರಿಸಿದೆ. ಮಧ್ಯಾಹ್ನದ ಹೊತ್ತಿಗೆ ತುರಿ ಕಣ್ಣಿಗೆ ಕಾಣದಂತೆ ಕರಗಿತ್ತು. ಸಲಿಕೆಯಿಂದ ಎರಡು ಮೂರು ಬಾರಿ ಮಗುಚಿ, ತಣ್ಣಗಾದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದರೆ ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿ ಹೋದವು. ಎರೆ ಮಣ್ಣಿನ ಬದಲು ಮರಳನ್ನೇ ಆರಿಸಿದ್ದಕ್ಕೆ ಕಾರಣ, ಎರೆಯ ಕಣ ಬಹಳ ಸಣ್ಣದಾದ್ದರಿಂದ ಅದಕ್ಕೆ ಮೇಣ ಹೆಚ್ಚು ಬೇಕಾಗುತ್ತದೆ.

ಈಗ ನನ್ನ ಕ್ರಮ ಹೀಗಿದೆ. ಸಂಜೆ ಕುರ್ಪಿಯಿಂದ ಬೋನಿಗಿಂತ ನಾಲ್ಕು ಬೆರಳು ಅಗಲವಾಗಿ, ಎರಡು ಬೆರಳು ಆಳವಾಗಿ ಕೆತ್ತುತ್ತೇನೆ. ತಳಕ್ಕೆ ಜೋಳದ ಹೊಟ್ಟು ಹಾಸಿ ಅಂಗೈಯಿಂದ ಒತ್ತುತ್ತೇನೆ. ಬೋನು ಕೂಡಿಸಿ ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಅಲುಗಿಸಿ ನೋಡುತ್ತೇನೆ. ಒಂದು ಮೂಲೆ ಎದ್ದರೂ ಇಲಿ ಮೊದಲ ಹೆಜ್ಜೆಯಲ್ಲೇ ಬೆದರಿ ಹಿಂದೆ ಸರಿಯುತ್ತದೆ. ಮೂಲೆಗಳಿಗೆ ಮಣ್ಣು ಬಿಗಿದ ಮೇಲೆ, ಬಿಲ್ಲೆಯ ಮೇಲೆ ಮಾತ್ರ ಮೇಣದ ಮರಳನ್ನು ಸಾಣಿಗೆ ಹಿಡಿದು ಉದುರಿಸಿ, ಬಣ್ಣ ಹೊಂದಲೆಂದು ಒಂದು ಚಿಟಿಕೆ ಕಪ್ಪು ಧೂಳು ಚೆಲ್ಲುತ್ತೇನೆ. ಇಷ್ಟಕ್ಕೆ ಒಂದೊಂದು ಬೋನಿಗೆ ಹತ್ತು ನಿಮಿಷ ಹಿಡಿಯುತ್ತದೆ, ಅದನ್ನು ಅವಸರ ಮಾಡಿದ ಸಂಜೆಯೆಲ್ಲ ನನಗೆ ವ್ಯರ್ಥವಾಗಿದೆ.

ಎಲ್ಲಿ ಕೂಡಿಸಬೇಕು ಎಂಬುದನ್ನು ಕಲಿಸಿದವರು ನಮ್ಮೂರಿನ ಒಬ್ಬ ಮುತ್ಯಾ. ಅವರು ಬಿಲ ತೋರಿಸಿದವರಲ್ಲ. “ತಮ್ಮಾ, ತೂತಿಗಿ ಬೋನ ಇಡಬ್ಯಾಡ, ಹಾದಿ ಹಿಡಿ. ಮನಿಯಿಂದ ಹೊರಗ ಬರೋದು ಹ್ಯಾಂಗರ ಬರ್ತದ, ಹೊಟ್ಟಿಗಿ ಹೋಗೋ ಹಾದಿ ಮಾತ್ರ ಒಂದೇ ಇರ್ತದ” ಎಂದು ಹೇಳಿ, ಕಣಕಿಯ, ಎಂದರೆ ಒಣ ಜೋಳದ ದಂಟಿನ, ಗೂಡಿನ ಬುಡದಿಂದ ಬದುವಿನ ತನಕ ಹುಲ್ಲು ನವೆದು ನುಣುಪಾಗಿದ್ದ ಬೆರಳಗಲದ ಗೆರೆಯನ್ನು ಕೋಲಿನ ತುದಿಯಿಂದ ತೋರಿಸಿದರು. ಅಲ್ಲಿಯವರೆಗೆ ದಿನವೂ ಅದನ್ನು ದಾಟಿ ಹೋಗುತ್ತಿದ್ದ ನನಗೆ ಅದು ಕಂಡೇ ಇರಲಿಲ್ಲ. ಇಲಿ ಗೋಡೆಗೋ ಬದುವಿಗೋ ಮೈ ತಾಗಿಸಿಕೊಂಡು ಓಡುವ ಪ್ರಾಣಿ, ಬಯಲಿನ ನಡುವೆ ಇಟ್ಟ ಬೋನು ಅದಕ್ಕೆ ಎದುರಾಗುವುದೇ ಅಪರೂಪ.

ಯಾವ ಬಿಲದಲ್ಲಿ ಜೀವವಿದೆ ಎಂದು ತಿಳಿಯಲು, ಸಂಜೆ ಎಲ್ಲ ಬಾಯಿಗಳನ್ನೂ ಮಣ್ಣಿನಿಂದ ಮುಚ್ಚಿ ಬೆಳಿಗ್ಗೆ ತೆರೆದವನ್ನಷ್ಟೇ ಎಣಿಸಬೇಕು. ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ ಇದ್ದರೆ ಅದು ಹೊಲದ ಹೆಗ್ಗಣ. ತೆನೆಗಳನ್ನು ಬಿಲದೊಳಗೆ ಕೂಡಿಡುವುದೂ ಅದೇ. ಬಾಲದ ತುದಿಯಲ್ಲಿ ಕುಚ್ಚಿರುವ, ಹಿಂಗಾಲಿನ ಮೇಲೆ ನೆಗೆಯುವ ಇಲಿ ಸಡಿಲ ಮಣ್ಣನ್ನು ಇಷ್ಟಪಡುತ್ತದೆ. ಮೆತ್ತನೆಯ ತುಪ್ಪಳದ, ಬಿಳಿ ಹೊಟ್ಟೆಯ ಮೂರನೆಯದು ಬಿರುಕಿನಲ್ಲೇ ಸಂಸಾರ ಹೂಡುವುದರಿಂದ ಅದಕ್ಕೆ ಮುಚ್ಚಲು ಬಾಯಿಯೇ ಇರುವುದಿಲ್ಲ. ಬಿರುಕಿನ ಅಂಚಿನ ಹಿಕ್ಕೆ ನೋಡಿ ಊಹಿಸಬೇಕು. ಮೂರೂ ಗಬ್ಬವಾದ ಮೂರು ನಾಲ್ಕು ವಾರಕ್ಕೆ ಮರಿ ಹಾಕುತ್ತವೆ, ಆದ್ದರಿಂದ ನವೆಂಬರಿನಲ್ಲಿ ಹಿಡಿದ ಒಂದು ಹೆಣ್ಣಿಲಿ ಜನವರಿಯಲ್ಲಿ ಹಿಡಿದ ಹತ್ತಕ್ಕೆ ಸಮ ಎಂದು ನಾನು ಲೆಕ್ಕ ಹಾಕುತ್ತೇನೆ.

ಇಲಿ ಹೊಸ ವಸ್ತುವನ್ನು ನಂಬುವುದಿಲ್ಲ. ಮೊದಲ ಮೂರು ರಾತ್ರಿ ಬೋನನ್ನು ಹೂಡದೆ, ಕಟಕ ರೊಟ್ಟಿಯ ಚೂರಿಗೆ ಕುಸುಬಿ ಎಣ್ಣೆ ಸವರಿ ಅದರ ಮೇಲೆ ಇಟ್ಟು ಬರುತ್ತೇನೆ. ತಿಂದ ಗುರುತು ಕಂಡ ಮೇಲೆಯೇ ಹೂಡುವುದು. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟಬಾರದು. ಅದರ ಮೂತ್ರದಿಂದ ಇಲಿಜ್ವರ ಹರಡುತ್ತದೆ, ಕಾಲಿನಲ್ಲಿ ಗಾಯವಿದ್ದಾಗ ತೇವದ ಮಣ್ಣಿನಲ್ಲಿ ಬರಿಗಾಲಿನಿಂದ ತಿರುಗುವುದೂ ಅಪಾಯ.

ಒಂದು ತಪ್ಪನ್ನು ಇಲ್ಲಿ ಬರೆಯಲೇಬೇಕು. ಮೂರನೆಯ ವರ್ಷ ತೆರೆದ ಬದುವಿನ ಮೇಲೆ ಹೂಡಿ ಬಂದ ಬೋನಿನಲ್ಲಿ ಬೆಳಿಗ್ಗೆ ಗೌಜಲ ಹಕ್ಕಿ ಸಿಕ್ಕಿಬಿದ್ದಿತ್ತು. ಕಾಲು ಮುರಿದಿತ್ತು, ಕಣ್ಣು ತೆರೆದಿತ್ತು, ಬದುವಿನ ಆಚೆ ಅದರ ಜೊತೆಯ ಹಕ್ಕಿ ಕೂಗುತ್ತಲೇ ಇತ್ತು. ಅದು ಸಂಜೆಯವರೆಗೆ ಬದುಕಲಿಲ್ಲ. ಅಂದಿನಿಂದ ಪ್ರತಿ ಬೋನಿನ ಮೇಲೂ ಎರಡು ಕಲ್ಲುಗಳ ಮೇಲೆ ಶಹಾಬಾದಿನ ಪರ್ಸಿ ಹಾಸುಗಲ್ಲಿನ ಒಡಕು ತುಂಡನ್ನು ಹೊದಿಸುತ್ತೇನೆ. ಕೆಳಗೆ ಮೂರು ಬೆರಳಿನಷ್ಟೇ ಸಂದು ಉಳಿಯುವುದರಿಂದ ಹಕ್ಕಿ ಒಳಗೆ ಬರುವುದಿಲ್ಲ, ಇಬ್ಬನಿಯೂ ನೇರವಾಗಿ ಬೀಳುವುದಿಲ್ಲ, ಇಲಿಗೆ ಆ ಕತ್ತಲು ಹಿತವಾಗುತ್ತದೆ. ಬೆಳಕು ಹರಿಯುವ ಮುನ್ನ ಹೋಗಿ ಎಲ್ಲವನ್ನೂ ನೋಡಿ ಬರುವುದನ್ನೂ ಅಂದಿನಿಂದ ಒಂದು ದಿನವೂ ತಪ್ಪಿಸಿಲ್ಲ.

ವಿಷ ಹಾಕಿದರೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಇದ್ದಾರೆ. ಇಲಿಪಾಷಾಣವೆಂದು ಮಾರುವ ಸತುವಿನ ಫಾಸ್ಫೈಡ್ ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳಿರುವ ಮನೆಯಲ್ಲಿ ಅಂಥ ಪುಡಿಯನ್ನು ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇನ್ನೊಂದು ಬಗೆಯ ವಿಷ ತಿಂದ ಇಲಿ ಕೆಲವು ದಿನ ತೂಕಡಿಸುತ್ತ ಓಡಾಡುತ್ತದೆ, ಅದನ್ನು ಹಿಡಿದು ತಿಂದ ಗೂಬೆಗೂ ಆ ವಿಷ ಸೇರುತ್ತದೆ. ನಮ್ಮ ಬಾವಿಯ ಕಟ್ಟೆಯ ಪೊಟರೆಯಲ್ಲಿ ಒಂದು ಜೋಡಿ ಕಣಜಗೂಬೆ ಇದೆ. ಬದುವಿನಲ್ಲಿ ಕೇರೆ ಹಾವಿದೆ. ರಾತ್ರಿಯಿಡೀ ದುಡಿಯುವ ಆ ಜೀವಗಳಿಗೆ ನನ್ನಿಂದ ಕೇಡಾಗಬಾರದು.

ಕಾಡುಹಂದಿಯ ನೆಪದಲ್ಲಿ ಕೆಲವರು ಬೇಲಿಯಂಚಿಗೆ ಕಟ್ಟುವ ತಂತಿ ಉರುಲಿನ ಬಗ್ಗೆಯೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಲು ಹಾಕುವುದೂ ಬೇಟೆಯೇ. ಅದರಲ್ಲಿ ಬೀಳುವುದು ಹಂದಿಯೇ ಆಗಬೇಕೆಂದಿಲ್ಲ: ನರಿ ಬೀಳುತ್ತದೆ, ಬೀದರ ಕಡೆಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ಬೀಳಬಹುದು, ಕುರಿಗಾರರ ನಾಯಿ ಬೀಳುತ್ತದೆ. ಅಂಥ ಒಂದು ನಾಯಿಯ ಕಾಲಿನಿಂದ ತಂತಿ ಬಿಡಿಸಿದ ಕೈ ಇದು. ತಂತಿ ಎಲುಬಿನ ತನಕ ಇಳಿದಿತ್ತು.

ಅಮಾವಾಸ್ಯೆಯ ಮರುದಿನ ಸಂಜೆ ನಾನೂ ಮಗನೂ ಸೇರಿ 38 ಬಾಯಿಗಳನ್ನು ಮುಚ್ಚಿದೆವು. ಬೆಳಿಗ್ಗೆ ತೆರೆದಿದ್ದವು 14. ನನ್ನ ಬಳಿ ಬೋನುಗಳಿರುವುದು 9. ಆದ್ದರಿಂದ ಬಿಲಗಳನ್ನು ಬಿಟ್ಟು, ಅವು ಕೂಡುವ ಹಾದಿಗಳನ್ನು ಹುಡುಕಿದೆವು. ಮೂರು ಹಾದಿಗಳು ಬದುವಿನ ಒಂದೇ ಕಲ್ಲಿನ ಹತ್ತಿರ ಸೇರುವುದನ್ನು ಮೊದಲು ಕಂಡವನು ಮಗ. ಈಗ ಎರಡು ರಾತ್ರಿ ರೊಟ್ಟಿ ಇಟ್ಟಾಗಿದೆ, ಎರಡೂ ಬೆಳಿಗ್ಗೆ ಚೂರು ಉಳಿದಿಲ್ಲ. ಇವತ್ತು ಮೂರನೆಯದು. ನಾಳೆ ಹೂಡಬೇಕು, ಅದಕ್ಕೆ ಮುಂಚೆ ಹೊಟ್ಟಿನ ಚೀಲವನ್ನು ಬಿಸಿಲಿಗೆ ಹಾಕಬೇಕು.